ಇಬ್ಬನಿ ಆರುವವರೆಗಿನ ಶಾಲೆ

೧೮೭೧ ಜುಲೈ ೧೭, ಸೋಮವಾರ. ಪಿಂಡರ್ ಹಳ್ಳ, ದಕ್ಷಿಣ ಕೆರೊಲಿನಾ

ಬಂದಳು. ಬಾಯ್ಕಿನಣ್ಣನ ಹೇಸರಗತ್ತೆ ಗಾಡಿಯಲ್ಲಿ ಕೊಡೆ ಬಿಚ್ಚಿಕೊಂಡು ಕೂತು ಬಂದಳು. ಮಳೆಯೇನೂ ಇರಲಿಲ್ಲ. ಬಿಸಿಲಿಗೆ ಕೊಡೆ ಹಿಡಿದ ಕಪ್ಪು ಹೆಂಗಸನ್ನು ನಮ್ಮವರು ಇದೇ ಮೊದಲು ನೋಡಿದ್ದು. ಹತ್ತಿಹೊಲದಲ್ಲಿದ್ದವರೆಲ್ಲ ಗುದ್ದಲಿ ಊರಿ ನಿಂತುಬಿಟ್ಟರು.

ಹೆಸರು ಅಡಲೈನ್ ಗ್ಯಾಸ್ಕಿನ್ಸ್. ಊರು ಉತ್ತರದ ಮ್ಯಾಸಚೂಸೆಟ್ಸ್ ಕಡೆಯ ನ್ಯೂ ಬೆಡ್‌ಫರ್ಡ್. ಅಪ್ಪ ಹಡಗಿನ ಹಾಯಿ ಹೊಲಿಯುವವನಂತೆ. ಅವರ ಮನೆಯಲ್ಲಿ ಯಾರೂ ಯಾವತ್ತೂ ಜೀತದಲ್ಲಿರಲಿಲ್ಲವಂತೆ. ನನ್ನ ಮಗಳು ತಾಮಾರ್‌ಗೆ ಹತ್ತು ವರ್ಷ. ಇವಳಿಗೆ ಅದರ ಎರಡರಷ್ಟಾಗಿದ್ದರೆ ಹೆಚ್ಚು.

ಇನ್ನು ಮೇಲೆ ಶಾಲೆ ಅವಳದು. ಜೀತದಿಂದ ಬಿಡುಗಡೆ ಬಂದ ವರ್ಷದಿಂದ ಪ್ರಾರ್ಥನಾಮಂದಿರದಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟವಳು ನಾನು. ನಾನು ಅಕ್ಷರ ಕಲಿತದ್ದು ಸೂಜಿಯಿಂದ: ದೊರೆಮನೆಯ ಹಾಸಿಗೆ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಅವರ ಹೆಸರು ಹೊಲಿಯುತ್ತ ಕಲಿತೆ. ಆಮೇಲೆ ಸೈನ್ಯದ ಪಾದ್ರಿಯೊಬ್ಬ ಒಂದು ಚಳಿಗಾಲ ಓದು ಕಲಿಸಿದ. ಈಗ ಸರ್ಕಾರವೇ ಶಾಲೆ ನಡೆಸುತ್ತದೆ, ಕಲಿಸುವವರು ಪರೀಕ್ಷೆ ಪಾಸಾಗಬೇಕು. ವಸಂತದಲ್ಲಿ ಕೌಂಟಿಯ ಶಾಲಾ ಕಮಿಷನರ್ ನನಗೆ ಭಿನ್ನರಾಶಿಯ ಲೆಕ್ಕ ಕೇಳಿದ. ನಾನು ಅವನ ಮೇಜಿನ ಮೇಲಿದ್ದ ಮಸಿಕುಡಿಕೆ ನೋಡುತ್ತ ಕೂತೆ.

ಮಂದಿರದ ಹಿರಿಯ ಬಾಯ್ಕಿನಣ್ಣ ಗಾಡಿ ಇಳಿದು ನೇರ ನನ್ನ ಹತ್ತಿರ ಬಂದ.

"ಜಿಲ್ಪಾ, ಇಷ್ಟು ದಿನ ಒಬ್ಳೇ ಏಗಿದ್ದು ಸಾಕು ಕಣಮ್ಮ. ಇನ್ನು ಆರಾಮಾಗಿರು."

"ಆರಾಮಾಗಿರೋಕೆ ನಂಗೇನು ಕಾಯಿಲೆ ಬಂದಿದ್ಯಾ ಅಣ್ಣ?" ಅಂದೆ.

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ನನ್ನ ಬೆಂಚುಗಳನ್ನು ಹಳ್ಳದಾಚೆ ಹೊಸ ಶಾಲೆಗೆ ಆಗಲೇ ಸಾಗಿಸಿದ್ದರು.

ಜುಲೈ ೧೮, ಮಂಗಳವಾರ

ಮುಖ ತೊಳೆಯೆಂದು ತಾಮಾರ್‌ಗೆ ನಾನು ಇವತ್ತು ಹೇಳಬೇಕಾಗಲಿಲ್ಲ. ತಾನೇ ತೊಳೆದು, ಹಿಮ್ಮಡಿ ಸಹ ತಿಕ್ಕಿಕೊಂಡು ಹೋದಳು. ನನ್ನ ಹತ್ತಿರ ಕಲಿಯುವಾಗ ಕೆಸರುಗಾಲಲ್ಲೇ ಬರುತ್ತಿದ್ದಳು.

ಸಂಜೆ ಬಂದವಳ ಬಾಯಿಗೆ ಬಿಡುವಿಲ್ಲ. "ಅಮ್ಮ, ಮೇಷ್ಟ್ರಮ್ಮನ ಊರಲ್ಲಿ ಶಾಲೆಗೆ ಹೋಗದೆ ಇರೋ ಮಗೂನೇ ಇಲ್ವಂತೆ. ಬಿಳಿಯರು, ನಮ್ಮೋರು, ಎಲ್ಲ ಒಂದೇ ಬೆಂಚಲ್ಲಿ ಕೂತ್ಕೋತಾರಂತೆ."

"ನಿನ್ನೆ ಬಂದೋಳು ಇವತ್ತಿಗೇ ಮೇಷ್ಟ್ರಮ್ಮ ಆಗ್ಬಿಟ್ಳಾ?"

"ಎಲ್ರೂ ಹಂಗೇ ಅಂತಾರಮ್ಮ."

ನಿನ್ನೆಯವರೆಗೆ ಆ ಮಾತು ನನ್ನದಾಗಿತ್ತು. ಇವತ್ತು ನೀರಿಗೆ ಹೋದಾಗ ಎಲ್ಲರೂ ನನ್ನನ್ನು ಜಿಲ್ಪಕ್ಕ ಅಂದರು.

ಜುಲೈ ೨೩, ಭಾನುವಾರ

ಪ್ರಾರ್ಥನೆ ಮುಗಿದ ಮೇಲೆ ಹೆಂಗಸರೆಲ್ಲ ಅವಳನ್ನು ಸುತ್ತುಗಟ್ಟಿ ಕೂತರು. ನಾನು ಕಂಬಕ್ಕೆ ಒರಗಿ ನಿಂತೆ, ಹೋಗುವ ಆತುರ ಇದ್ದವಳ ಹಾಗೆ.

ಅವಳ ಊರಿನಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವುದಕ್ಕೇ ಒಬ್ಬ ಅಧಿಕಾರಿ ಇದ್ದಾನಂತೆ. ಶಾಲೆಯ ಹೊತ್ತಿನಲ್ಲಿ ಮಕ್ಕಳು ಬೀದಿಯಲ್ಲೋ ಹಡಗುಕಟ್ಟೆಯಲ್ಲೋ ಆಡುತ್ತಿದ್ದರೆ ಹಿಡಿದು ಶಾಲೆಗೆ ಎಳೆದುಕೊಂಡು ಹೋಗುತ್ತಾನಂತೆ. ತಪ್ಪಿಸಿದರೆ ಅಪ್ಪ ಅಮ್ಮನಿಗೆ ದಂಡವಂತೆ.

ಫಿಬಿ ಅಜ್ಜಿ ಕೈಗೋಲು ನೆಲಕ್ಕೆ ಕುಟ್ಟಿ ನಕ್ಕಳು. "ನೋಡ್ರವ್ವ. ಅಲ್ಲಿ ಶಾಲೆ ತಪ್ಪಿಸಿದ್ರೆ ಹಿಡ್ಕೊಂಡು ಹೋಯ್ತಾರಂತೆ. ಇಲ್ಲಿ ಪುಸ್ತಕ ಮುಟ್ಟಿದ್ರೆ ಹಿಡ್ಕೊಂಡು ಹೋಯ್ತಿದ್ರು. ದೇಶ ಒಂದೇ ಅಂತಾರೆ."

ಎಲ್ಲರೂ ನಕ್ಕರು. ಅವಳು ಮಾತ್ರ ನಗಲಿಲ್ಲ. ನಗಬಹುದೋ ಇಲ್ಲವೋ ತಿಳಿಯದೆ ಕೈಚೀಲದ ಹಿಡಿಕೆ ತಿರುಗಿಸುತ್ತಿದ್ದಳು.

ಯಾರೋ ಕೇಳಿದರು, ನೀವು ಯಾವಾಗ ಶಾಲೆ ಸೇರಿದ್ದು ಅಂತ. "ಐದು ವರ್ಷಕ್ಕೆ," ಅಂದಳು, ಊಟ ಮಾಡಿದೆ ಅಂದಷ್ಟು ಸಲೀಸಾಗಿ.

ನನಗೆ ಐದಾಗಿದ್ದಾಗ ನಾನು ದೊರೆಮನೆಯ ಮಗುವಿನ ತೊಟ್ಟಿಲು ತೂಗುತ್ತಿದ್ದೆ. ತೂಕಡಿಸಿದರೆ ಕಿವಿ ಹಿಂಡುತ್ತಿದ್ದರು. ಅವಳ ಟೋಪಿ, ಅವಳ ಗುಂಡಿ ಹಾಕುವ ಬೂಟು, ಯಾವುದರ ಮೇಲೂ ನನಗೆ ಆಸೆಯಿಲ್ಲ. ಅವಳ ಆ ಐದನೇ ವರ್ಷ ಇದೆಯಲ್ಲ, ಅದು ಬೇಕು.

ಆಗಸ್ಟ್ ೯, ಬುಧವಾರ

ಊಟದ ಮುಂಚೆ ಬೈಬಲ್ ಓದುತ್ತಿದ್ದೆ. ತಾಮಾರ್ ಮಧ್ಯೆ ಬಾಯಿ ಹಾಕಿದಳು. "ಹಂಗಲ್ಲಮ್ಮ ಅದನ್ನ ಹೇಳೋದು." ತಾನು ಹೇಳಿ ತೋರಿಸಿದಳು, ತುಟಿ ಮುಂದಕ್ಕೆ ಮಾಡಿ, ಥೇಟ್ ಅವಳ ಹಾಗೆ.

ಗಂಡ ಕೇಟೊ ಹೆಮ್ಮೆಯಿಂದ ತಲೆದೂಗಿದ. ಇಬ್ಬರಿಗೂ ಗೆಣಸು ಬಡಿಸಿ ನಾನು ಉಣ್ಣದೆ ಎದ್ದೆ.

ಸೆಪ್ಟೆಂಬರ್ ೧೧, ಸೋಮವಾರ

ಹತ್ತಿ ಒಡೆದಿದೆ. ಹೊಲವೆಲ್ಲ ಬೆಳ್ಳಗೆ. ಜಮೀನಿನ ಒಡೆಯ ಟ್ರೇವಿಕ್ ಕುದುರೆ ಮೇಲೆ ಮನೆಮನೆಗೂ ಬಂದು ಹೇಳಿಹೋದ: ಕರಾರಿನಲ್ಲಿ ಇಡೀ ಮನೆಯ ದುಡಿಮೆ ಅಂತ ಬರೆದಿದೆ, ಬೆರಳಿರುವವರೆಲ್ಲ ಹೊಲದಲ್ಲಿರಬೇಕು.

ಇದು ಪ್ರತಿವರ್ಷದ ಮಾತು. ಬಿಡಿಸುವ ಕಾಲಕ್ಕೆ ನಾನೂ ಶಾಲೆ ಮುಚ್ಚಿ ಚೀಲ ಕಟ್ಟಿಕೊಳ್ಳುತ್ತಿದ್ದೆ. ಅವಳಿಗೆ ಯಾರೂ ಹೇಳಿದ ಹಾಗಿಲ್ಲ. ನಾನಂತೂ ಹೇಳಲಿಲ್ಲ.

ಸೆಪ್ಟೆಂಬರ್ ೧೪, ಗುರುವಾರ

ಹಳ್ಳದಾಚೆಯಿಂದ ಗಂಟೆ ಹೊಡೆದಳು. ಯಾರೂ ಹೋಗಲಿಲ್ಲ. ಮತ್ತೆ ಹೊಡೆದಳು. ನನ್ನ ಮನಸ್ಸು ತಣ್ಣಗಾಯಿತು.

ಸೆಪ್ಟೆಂಬರ್ ೧೫, ಶುಕ್ರವಾರ

ಇವತ್ತು ಹೊಲಕ್ಕೇ ಬಂದಳು. ಸಾಲುಗಳ ಮಧ್ಯೆ ಲಂಗ ಎತ್ತಿಕೊಂಡು, ಒಡೆದ ಹತ್ತಿಕಾಯಿಯ ಮೊನೆ ಗೀಚಿಸಿಕೊಳ್ಳುತ್ತ, ಕೇಟೊನ ಎದುರು ನಿಂತಳು.

"ಮಿಸ್ಟರ್ ರಂಫ್, ನಿಮ್ಮ ಮಗಳು ತುಂಬ ಚುರುಕು. ಈಗ ಶಾಲೆ ಬಿಡಿಸಿದರೆ ಕಲಿತದ್ದೆಲ್ಲ ಮರೆತುಹೋಗುತ್ತದೆ. ಇದು ಅವಳ ಭವಿಷ್ಯದ ಪ್ರಶ್ನೆ."

ಕೇಟೊ ಬೆನ್ನು ನೆಟ್ಟಗೆ ಮಾಡಿದ. ಅವನನ್ನು ಮಿಸ್ಟರ್ ಅಂದವರು ಇದುವರೆಗೆ ಯಾರೂ ಇಲ್ಲ. "ನಿಮ್ಮ ಮಾತು ಖರೆ ಮೇಷ್ಟ್ರಮ್ಮ. ಆದ್ರೆ ಬೆಳೆ ಬಿಡಿಸದೆ ಇದ್ರೆ ಹೊಸವರ್ಷಕ್ಕೆ ನಮ್ಮನ್ನ ಒಕ್ಕಲೆಬ್ಬಿಸ್ತಾನೆ. ಭವಿಷ್ಯ ಮಲಗೋಕಾದ್ರೂ ಒಂದು ಸೂರು ಬೇಕಲ್ವಾ."

"ನಮ್ಮ ಊರಿನಲ್ಲಿ ತಂದೆತಾಯಿ ಹೀಗೆ ಮಾಡಿದರೆ..."

"ನಿಮ್ಮೂರಲ್ಲಿ ಹತ್ತಿ ಬೆಳೀತಾರೇನವ್ವ?" ನಾನು ಮುಂದಿನ ಸಾಲಿನಿಂದಲೇ ಕೇಳಿದೆ. "ನೀವು ಉಟ್ಟಿರೋ ಲಂಗ ಯಾರ ಮಕ್ಳು ಬಿಡಿಸಿದ ಹತ್ತಿಯೋ, ಅದನ್ನೂ ಶಾಲೇಲಿ ಹೇಳ್ಕೊಡ್ತಾರಾ?"

ಅವಳ ಕಣ್ಣು ತುಂಬಿತು. ಬಂದ ದಾರಿಯಲ್ಲೇ ಹೋದಳು.

ಒಳ್ಳೆಯ ಮಾತಾಡಿದೆ ಅಂತ ಬೈಗಿನವರೆಗೂ ಅನಿಸುತ್ತಿತ್ತು.

ಸೆಪ್ಟೆಂಬರ್ ೨೦, ಬುಧವಾರ

ಈಗ ಇಬ್ಬನಿ ಜೋರು. ಒದ್ದೆ ಹತ್ತಿ ಬಿಡಿಸಿದರೆ ಚೀಲದಲ್ಲೇ ಮುಗ್ಗುತ್ತದೆ, ಹಾಗಾಗಿ ಬಿಸಿಲು ಏರುವವರೆಗೆ ಎಲ್ಲರೂ ಹೊಲದಂಚಿನಲ್ಲಿ ಕೂತಿರುತ್ತೇವೆ. ಗಂಡಸರು ಚುಟ್ಟಾ ಸೇದುತ್ತಾರೆ, ಮಕ್ಕಳು ಕಿತ್ತಾಡುತ್ತವೆ.

ಇವತ್ತು ಮಕ್ಕಳನ್ನು ಪರ್ಸಿಮನ್ ಹಣ್ಣಿನ ಮರದ ಕೆಳಗೆ ಕೂರಿಸಿಕೊಂಡೆ. ಹಳೆಯ ಕಾಗುಣಿತ ಹಾಡಿಸಿದೆ. ಎಷ್ಟು ಜೋರಾಗಿ ಹಾಡಿಸಿದೆನೆಂದರೆ ಹಳ್ಳದಾಚೆಗೂ ಕೇಳಿರಬೇಕು. ಅಲ್ಲಿ ಗಂಟೆ, ಬೆಂಚು, ಕರಿಹಲಗೆ ಎಲ್ಲ ಇದೆ, ಮಕ್ಕಳಿಲ್ಲ. ನನ್ನ ಹತ್ತಿರ ಮಕ್ಕಳಿದ್ದಾರೆ.

ಫಿಬಿ ಅಜ್ಜಿ ಅಂದಳು, "ನಮ್ಮ ಜಿಲ್ಪಾಗೆ ಮಕ್ಳನ್ನ ಕಂಡ್ರೆ ಅದೆಷ್ಟು ಪ್ರೀತಿ." ನಾನು ಅಲ್ಲ ಅನ್ನಲಿಲ್ಲ.

ಸೆಪ್ಟೆಂಬರ್ ೨೮, ಗುರುವಾರ

ತಾಮಾರ್‌ಗೆ ಹೊಡೆದೆ.

ಮರದ ಕೆಳಗೆ ಎಲ್ಲರೆದುರು ಕೇಳಿದಳು: "ಅಮ್ಮ, ರೊಟ್ಟೀಲಿ ಮೂರ್ನೇ ಒಂದು ಪಾಲನ್ನ ಮತ್ತೆ ಅರ್ಧ ಮಾಡಿದ್ರೆ ಎಷ್ಟಾಗುತ್ತೆ?"

"ಹೊಟ್ಟೆ ತುಂಬಲ್ಲ, ಅಷ್ಟಾಗುತ್ತೆ," ಅಂದೆ. ಮಕ್ಕಳು ನಕ್ಕವು. ಅವಳು ನಗಲಿಲ್ಲ. "ಮೇಷ್ಟ್ರಮ್ಮಂಗೆ ಗೊತ್ತು," ಅಂದಳು.

ಕೈ ತಾನೇ ಹೋಯಿತು. ಅವಳು ಅಳಲೂ ಇಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಇನ್ನೂ ಒದ್ದೆಯಿದ್ದ ಸಾಲಿಗೆ ಇಳಿದಳು.

ಅಕ್ಟೋಬರ್ ೩, ಮಂಗಳವಾರ

ಇದನ್ನೂ ಬಿಡಲಿಲ್ಲ ನೋಡಿ ಆ ಉತ್ತರದವಳು. ಬೆಳಿಗ್ಗೆ ಮರದ ಕೆಳಗೆ ಬಂದು, ಮಕ್ಕಳ ಹಿಂದೆ, ಒದ್ದೆ ಹುಲ್ಲಿನ ಮೇಲೆ ಕೂತಳು. ಕೊಡೆಯೂ ಇಲ್ಲ, ಕೈಚೀಲವೂ ಇಲ್ಲ. ನನ್ನ ಪಾಠ ಮುಗಿಯುವವರೆಗೂ ಮಕ್ಕಳ ಜೊತೆ ತಾನೂ ಕಾಗುಣಿತ ಹಾಡಿದಳು.

ಆಮೇಲೆ ಎದ್ದು ಕೇಳಿದಳು, "ಮಿಸೆಸ್ ರಂಫ್, ಬಿಸಿಲು ಬರುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ನಾನು ಲೆಕ್ಕ ಹೇಳಿಕೊಡಬಹುದೇ?"

ಎಲ್ಲರ ಮುಂದೆ ಹಾಗೆ ಕೇಳಿದರೆ ಇಲ್ಲ ಅನ್ನುವುದು ಹೇಗೆ. "ಮರ ನಂದಲ್ಲ," ಅಂದು ಬೆನ್ನು ತಿರುಗಿಸಿ ಚೀಲದ ಹರಕಿಗೆ ಹೊಲಿಗೆ ಹಾಕುತ್ತ ಕೂತೆ.

ಒಂದು ಹತ್ತಿಕಾಯಿ ಬಿಡಿಸಿ, ಒಳಗಿನ ಎಸಳುಗಳನ್ನು ಬೇರೆ ಮಾಡಿ ತೋರಿಸಿ, ಇದು ನಾಲ್ಕರಲ್ಲಿ ಒಂದು, ಇದರ ಅರ್ಧ ಎಂಟರಲ್ಲಿ ಒಂದು ಅಂತ ಹೇಳುತ್ತಿದ್ದಳು. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಆದರೂ ಕಿವಿಗೆ ಬೀಳುತ್ತದಲ್ಲ. ಕೆಳಗಿನ ಅಂಕಿ ದೊಡ್ಡದಾದಷ್ಟೂ ಪಾಲು ಚಿಕ್ಕದಾಗುತ್ತದೆ. ಇಷ್ಟು ಸುಲಭದ್ದನ್ನು ಆ ಕಮಿಷನರ್ ಎಷ್ಟು ಗಂಟು ಹಾಕಿ ಕೇಳಿದ್ದ.

ಅಕ್ಟೋಬರ್ ೧೧, ಬುಧವಾರ

ದಿನವೂ ಬರುತ್ತಾಳೆ. ಚೀಲದ ಹರಕು ಮುಗಿದುಹೋಯಿತು. ಇವತ್ತು ಹರಿಯದ ಚೀಲವನ್ನೇ ತಂದು ಹೊಲಿದೆ.

ಅಕ್ಟೋಬರ್ ೧೬, ಸೋಮವಾರ

ನಾಳೆ ಕಮಿಷನರ್ ಬರುತ್ತಾನೆ. ಶಾಲೆಯ ಬೆಂಚಿನ ಮೇಲೆ ಮಕ್ಕಳಿಲ್ಲದಿದ್ದರೆ ಈ ಶಾಲೆ ಮುಚ್ಚಿ, ಮಕ್ಕಳಿರುವ ಕಡೆಗೆ ಹಣ ಕೊಡುತ್ತಾನಂತೆ. ಮರದ ಕೆಳಗೆ ಕೂತರೆ ಅದು ಶಾಲೆಯಲ್ಲವಂತೆ. ಬಾಯ್ಕಿನಣ್ಣ ಮನೆಮನೆಗೂ ಹೋಗಿ ಕೇಳಿಕೊಂಡ. ಮಗುವನ್ನು ಹಳ್ಳ ದಾಟಿಸಿದವರಿಗೆ ಮುಂದಿನ ವರ್ಷ ಕರಾರಿಲ್ಲ ಎಂದು ಟ್ರೇವಿಕ್ ಹೇಳಿದ್ದಾನೆ. ಯಾರೂ ಹೂಂ ಅನ್ನಲಿಲ್ಲ.

"ನಿನ್ನ ಮಾತು ಮಕ್ಳು ಕೇಳ್ತವೆ ಜಿಲ್ಪಾ," ಅಂದ ಬಾಯ್ಕಿನಣ್ಣ ನನಗೆ.

"ಅವಳು ನನ್ನ ಕೇಳು ಅಂದ್ಲಾ?"

"ಕೇಳ್ಬೇಡಿ ಅಂದ್ಲು. ನನ್ನಿಂದ ಯಾರ ಮನೇನೂ ಹಾಳಾಗೋದು ಬೇಡ, ಶಾಲೆ ಮುಚ್ಚಿದ್ರೆ ಊರಿಗೆ ಹೋಗ್ತೀನಿ ಅಂದ್ಲು."

ಹೋಗುತ್ತಾಳಂತೆ. ಅವಳಿಗೇನು, ಹೋಗುವುದಕ್ಕೆ ಊರಿದೆ. ಎಲ್ಲ ಮಕ್ಕಳೂ ಬೆಂಚಿನ ಮೇಲೆ ಕೂತಿರುವ ಊರು. ಅಲ್ಲಿ ಬೆಚ್ಚಗೆ ಕೂತು, ಪಾಪ ಆ ಕೆರೊಲಿನಾ ಮಕ್ಕಳು ಅಂತ ನೆನೆಸಿಕೊಳ್ಳುತ್ತಾಳೆ. ನಾವು ಇಲ್ಲೇ ಇರುತ್ತೇವೆ. ಇಷ್ಟು ಸುಲಭವಾಗಿ ಹೋಗುವುದಕ್ಕೆ ಬಿಡುವುದೇ ಅವಳನ್ನು?

ಅಕ್ಟೋಬರ್ ೧೭, ಮಂಗಳವಾರ

ಬೆಳಿಗ್ಗೆ ಎಲ್ಲರೂ ಹೊಲದಂಚಿಗೆ ಬಂದು ಕೂತಿದ್ದರು. ನಾನು ಎದ್ದು ಮಕ್ಕಳಿಗೆ, "ಎದ್ದೇಳ್ರೋ, ಇವತ್ತು ಪಾಠ ಆಚೆಕಡೆ," ಅಂದೆ.

ಕೇಟೊ ನನ್ನ ಮುಖ ನೋಡಿದ. "ಯೋಚ್ನೆ ಮಾಡಿದ್ಯೇನೆ?"

"ಇಬ್ಬನಿ ಆರೋದ್ರೊಳಗೆ ವಾಪಸ್ ಕರ್ಕೊಂಡು ಬರ್ತೀನಿ. ಒಂದು ಎಸಳು ಹತ್ತೀನೂ ಕಮ್ಮಿ ಆಗಲ್ಲ."

"ಅದಲ್ಲ ನಾನು ಕೇಳಿದ್ದು."

"ಗೊತ್ತು."

ಅವನು ತಾಮಾರ್‌ನ ಹೆಗಲಿನಿಂದ ಚೀಲ ತೆಗೆದುಕೊಂಡ. "ಹೋಗು ಮಗಳೇ, ನಿಮ್ಮಮ್ಮನ ಜೊತೆ." ಅದನ್ನು ನೋಡಿ ಉಳಿದವರೂ ತಮ್ಮ ಮಕ್ಕಳ ಚೀಲ ಇಳಿಸಿಕೊಂಡರು. ಫಿಬಿ ಅಜ್ಜಿ ಬೇರೆ, ನಾನೂ ಬರ್ತೀನಿ ತಡೀರಿ ಅಂತ ಕೋಲೂರಿಕೊಂಡು ಹೊರಟಳು.

ಹಳ್ಳ ದಾಟಿ ಒಳಗೆ ಹೋದಾಗ ಕಮಿಷನರ್ ಟೋಪಿ ಹಾಕಿಕೊಂಡು ಹೊರಡಲು ನಿಂತಿದ್ದ. ಮಕ್ಕಳ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆಂಚು ಸಾಲಲಿಲ್ಲ, ನೆಲದ ಮೇಲೂ ಕೂತರು. ಅವನು ಮತ್ತೆ ಟೋಪಿ ತೆಗೆದ. ತಾಮಾರ್ ಹಲಗೆಯ ಮೇಲೆ ಲೆಕ್ಕ ಮಾಡಿದಳು. ರೊಟ್ಟಿಯ ಲೆಕ್ಕವೇ. ಆರರಲ್ಲಿ ಒಂದು.

ಅಡಲೈನ್ ಗ್ಯಾಸ್ಕಿನ್ಸ್ ನನ್ನ ಕೈ ಹಿಡಿಯಲು ಬಂದಳು. "ಬಿಸಿಲು ಏರ್ತಿದೆ," ಅಂತ ನಾನು ಮಕ್ಕಳನ್ನು ಎಬ್ಬಿಸಿದೆ. ವಾಪಸು ಬರುವಾಗ ಟ್ರೇವಿಕ್ ಬದುವಿನ ಮೇಲೆ ಕುದುರೆ ನಿಲ್ಲಿಸಿಕೊಂಡಿದ್ದ. ಎಲ್ಲರನ್ನೂ ಬಿಟ್ಟು ನನ್ನೊಬ್ಬಳನ್ನೇ ನೋಡಿದ.

ಡಿಸೆಂಬರ್ ೯, ಶನಿವಾರ

ಟ್ರೇವಿಕ್ ಇವತ್ತು ಹೇಳಿದ. ಬೇರೆಯವರಿಗೆಲ್ಲ ಕರಾರು ಉಂಟು, ರಂಫ್ ಮನೆಯವರಿಗೆ ಇಲ್ಲ. ಶಾಲೆ ಉಳಿಯಿತು. ನಮ್ಮ ಸೂರು ಹೋಯಿತು.

ಕೇಟೊ ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. ಬ್ರಾಕ್ಸ್‌ಟನ್ ಜಮೀನಿನಲ್ಲಿ ಜನ ಬೇಕಂತೆ. ಇಲ್ಲಿಂದ ಒಂದು ಹಗಲಿನ ನಡಿಗೆ. ಆ ಕಡೆ ಹೆಸರಿಗೂ ಒಂದು ಶಾಲೆಯಿಲ್ಲ.

ಡಿಸೆಂಬರ್ ೧೦, ಭಾನುವಾರ

ಅವಳು ಮನೆಗೆ ಬಂದಳು. ಹೊಸ್ತಿಲಲ್ಲೇ ನಿಂತಳು. ಕೂತ್ಕೊಳ್ಳಿ ಅಂತ ನಾನೂ ಅನ್ನಲಿಲ್ಲ.

"ತಾಮಾರ್ ಇಲ್ಲೇ ಉಳಿಯಲಿ, ನನ್ನ ಜೊತೆ. ಓದು ನಿಲ್ಲುವುದು ಬೇಡ. ನನ್ನ ಕೋಣೆಯಲ್ಲಿ ಅವಳಿಗೂ ಜಾಗ ಇದೆ."

ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ. ಇವತ್ತು ಆಗಲಿಲ್ಲ. "ಶಾಲೆ ತಗೊಂಡೆ. ಬೆಂಚು ತಗೊಂಡೆ. ಮರದ ಕೆಳಗಿನ ಒಂದಿಷ್ಟು ಜಾಗಾನೂ ತಗೊಂಡೆ. ಈಗ ಮಗಳನ್ನೂ ಕೊಡು ಅಂತೀಯಾ? ಐದು ವರ್ಷಕ್ಕೆ ನಿನ್ನ ಕೈ ಹಿಡ್ದು ಶಾಲೆಗೆ ಬಿಟ್ಟೋರಿದ್ರು. ನಿಂಗೆ ಎಲ್ರೂ ಕೊಟ್ಟೋರೇ. ಇನ್ನೂ ಎಷ್ಟು ಬೇಕು ನಿಂಗೆ?"

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಕೆರಳಿದಳು. ಪುಸ್ತಕದ ಮಾತೆಲ್ಲ ಎಲ್ಲೋ ಹೋಯಿತು.

"ನಾನೇನು ತಗೊಂಡೆ? ಬಂದ ದಿನದಿಂದ ಪ್ರತಿ ಪಾಠಕ್ಕೂ ಆ ಮಕ್ಕಳು, 'ಜಿಲ್ಪಕ್ಕ ಹೀಗಲ್ಲ ಹೇಳ್ಕೊಟ್ಟಿದ್ದು' ಅಂತಾವೆ. ನಾನು ಗಂಟೆ ಹೊಡೆದು ಹೊಡೆದು ಕೈ ಸೋತೆ. ನೀವು 'ಎದ್ದೇಳ್ರೋ' ಅಂದ್ರಿ, ಊರಿಗೂರೇ ಹಳ್ಳ ದಾಟಿ ಬಂತು. ನನ್ನ ಜೊತೆ ಯಾರು ಬರ್ತಾರೆ ಹೀಗೆ? ಅವತ್ತು ನಿಮ್ಮನ್ನ ನೋಡಿ ಹೊಟ್ಟೆ ಉರೀತು ನಂಗೆ. ಶಾಲೆ ಉಳೀತು ಅನ್ನೋ ಸಂತೋಷಕ್ಕಿಂತ ಅದೇ ಜಾಸ್ತಿ ಇತ್ತು."

ಒಲೆಯ ಮೇಲೆ ಅವರೆಕಾಳು ಉಕ್ಕಿ ಬೂದಿಗೆ ಚೆಲ್ಲಿತು.

"ಒಳಗೆ ಬನ್ನಿ, ಚಳಿ," ಅಂದೆ ಕೊನೆಗೆ.

ಉಣ್ಣುವಾಗ ತಾಮಾರ್ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. ಅಡಲೈನ್‌ಗೆ ನಾನು ಉತ್ತರ ಇನ್ನೂ ಕೊಟ್ಟಿಲ್ಲ. ತಾಮಾರ್‌ನ ಕೇಳಿದೆ. "ನೀನು ಹೇಳಿದ ಹಂಗೆ," ಅಂದಳು. ಆದರೆ ಕಣ್ಣು ಹಲಗೆಬಳಪದ ಮೇಲಿತ್ತು.

೧೮೭೨ ಜನವರಿ ೧, ಸೋಮವಾರ

ತಾಮಾರ್‌ನ ಬಿಟ್ಟು ಬಂದೆ.

ಫೆಬ್ರವರಿ ೨೪, ಶನಿವಾರ. ಬ್ರಾಕ್ಸ್‌ಟನ್ ಜಮೀನು

ಹೋದ ತಿಂಗಳು ಕೌಂಟಿ ಕಚೇರಿಗೆ ಹೋಗಿದ್ದೆ. ಅದೇ ಕಮಿಷನರ್, ಅದೇ ಮೇಜು. ಭಿನ್ನರಾಶಿ ಕೇಳಿದ, ಹೇಳಿದೆ. ಇನ್ನೊಂದು ಕೇಳಿದ, ಅದನ್ನೂ ಹೇಳಿದೆ. ಕೆಳದರ್ಜೆಯ ಪರವಾನಗಿ ಕೊಟ್ಟ. ಈ ಕಡೆಗೆ ಬರಲು ಯಾರೂ ಒಪ್ಪುತ್ತಿರಲಿಲ್ಲವಂತೆ, ನೀನಾದರೂ ಸಿಕ್ಕಿದೆ ಅಂದ.

ಇಲ್ಲಿ ಮಕ್ಕಳು ಅಕ್ಷರ ಅಂದರೆ ಹೆದರುತ್ತವೆ. ಮನೆಮನೆಗೂ ಹೋಗಿ ಕರೆದೆ. ಮೊದಲ ದಿನ ಬಂದವರು ಒಂದು ಬೆಂಚಿಗೂ ಆಗಲಿಲ್ಲ, ಬೆಂಚೂ ಇರಲಿಲ್ಲ. ಈಗ ಪಾಠ ನಡೆಯುವ ಜೋಳದ ಕಣಜ ಮಕ್ಕಳಿಂದ ತುಂಬಿದೆ. ಬಿತ್ತನೆ ಶುರುವಾದರೆ ಹೊತ್ತು ಬದಲಿಸಬೇಕು, ಅದನ್ನು ಆಗ ನೋಡಿದರಾಯಿತು.

ತಾಮಾರ್‌ನ ತಲೆ ಯಾರು ಬಾಚುತ್ತಾರೋ. ಆ ಹುಡುಗಿಗೆ ಹಿಂದಿನ ಸಿಕ್ಕು ಬಿಡಿಸುವಾಗ ನೋಯುತ್ತದೆ. ಬೇರಿನ ಹತ್ತಿರ ಒತ್ತಿ ಹಿಡಿದುಕೊಳ್ಳಬೇಕು. ಆ ಅಡಲೈನ್‌ಗೆ ಇದೆಲ್ಲ ಏನು ಗೊತ್ತು.

ಮಾರ್ಚ್ ೩೧, ಈಸ್ಟರ್ ಭಾನುವಾರ

ತಾಮಾರ್ ನಿನ್ನೆ ಬಾಯ್ಕಿನಣ್ಣನ ಗಾಡಿಯಲ್ಲಿ ಬಂದಳು. ಎತ್ತರವಾಗಿದ್ದಾಳೆ. ಜಡೆ ಬಿಗಿಯಾಗಿ, ಓರೆಯಿಲ್ಲದೆ ಹೆಣೆದಿತ್ತು. ತಪ್ಪು ಹುಡುಕಿದೆ, ಸಿಗಲಿಲ್ಲ.

ಇವತ್ತು ನನ್ನ ಮಕ್ಕಳಿಗೆಲ್ಲ ಓದಿ ತೋರಿಸಿದಳು. ಕಣಜದ ಬಾಗಿಲಲ್ಲಿ ಗಂಡಸರು ಟೋಪಿ ಕೈಯಲ್ಲಿ ಹಿಡಿದು ನಿಂತು ಕೇಳಿದರು. ಸಂಜೆ ನನ್ನ ತೊಡೆಗೆ ತಲೆಯಿಟ್ಟು ಮಲಗಿ ಅಂದಳು, "ಅಮ್ಮ, ನಾನು ವಾಪಸ್ ಹೋಗಲ್ಲ. ನೀನೇ ಇಲ್ಲಿ ಕಲಿಸ್ತೀಯಲ್ಲ. ನಿನ್ನ ಹತ್ರಾನೇ ಇರ್ತೀನಿ."

ಈ ಒಂದು ಮಾತಿಗೆ ನಾನು ಚಳಿಗಾಲವಿಡೀ ಕಾದಿದ್ದೆ.

"ಈಗ ಅಲ್ಲಿ ಯಾವ ಲೆಕ್ಕ ನಡೀತಿದೆ?" ಅಂತ ಕೇಳಿದೆ.

ಹೇಳಿದಳು. ಏನೋ ದಶಾಂಶ ಅಂದಳು. ಅರ್ಧದವರೆಗೆ ಹಿಂಬಾಲಿಸಿದೆ, ಆಮೇಲೆ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಅವಳ ಜಡೆ ಸವರುತ್ತಿದ್ದು, ಎದ್ದು ನಾಳೆಯ ಬುತ್ತಿಗೆ ಜೋಳದ ಹಿಟ್ಟು ಕಲಸಿದೆ.

ಏಪ್ರಿಲ್ ೧, ಸೋಮವಾರ

ಬೆಳಕು ಹರಿಯುತ್ತಲೂ ಬುತ್ತಿ ಕಟ್ಟಿಕೊಂಡು ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಅವಳು ನನ್ನಿಂದ ನಾಲ್ಕು ಹೆಜ್ಜೆ ಹಿಂದೆಯೇ ಬಂದಳು. ಮೊದಲೇ ಮಾತಾಗಿದ್ದಂತೆ ನಡುದಾರಿಯ ಸೇತುವೆಗೆ ಅಡಲೈನ್ ಬಂದು ನಿಂತಿದ್ದಳು. ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದಾಳೆ, ತಲೆಗೆ ನಮ್ಮ ಹೆಂಗಸರ ಹಾಗೆ ವಸ್ತ್ರ ಕಟ್ಟಿದ್ದಾಳೆ.

"ಹಿಂದಿನ ಸಿಕ್ಕು ಬಿಡ್ಸುವಾಗ ಬೇರಿನ ಹತ್ರ ಒತ್ತಿ ಹಿಡ್ಕೊಳ್ಳಿ," ಅಂದೆ. "ಅವಳಿಗೆ ನೋಯುತ್ತೆ."

"ಹೇಳಿದಳು," ಅಂದಳು ಅವಳು. "ಹಾಗೇ ಮಾಡ್ತೀನಿ."

ತಾಮಾರ್ ಅವಳ ಜೊತೆ ಸೇತುವೆ ದಾಟಿದಳು. ಓಡಲಿಲ್ಲ, ಕಾಲೆಳೆದುಕೊಂಡು ನಡೆದಳು. ಆಚೆ ತುದಿಗೆ ಹೋಗಿ ನಿಂತು, ತಿರುಗಿ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

ಅವಳ ಪಕ್ಕದಲ್ಲಿದ್ದ ಅಡಲೈನ್ ಕೂಡ ಅದನ್ನು ನೋಡಿರಲಿ ಅಂದುಕೊಂಡೆ.